ಮಳೆಗಾಲಕ್ಕೆ ಜಗ್ಗದ ಹಿಡಿ: ರೈಫಲ್‌ನ ಸ್ಟಾಕ್ ಬದಲಿಸುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲ ಮುಗಿದು ರೈಫಲ್ ಹೊರತೆಗೆದವರ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಬೇಸಿಗೆಯಲ್ಲಿ ಗುರಿ ಸರಿಯಿತ್ತು, ಈಗ ಗುಂಡು ಒಂದು ಪಕ್ಕಕ್ಕೆ ಸರಿದು ಬೀಳುತ್ತಿದೆ ಎನ್ನುತ್ತಾರೆ. ಸ್ಕೋಪಿನ ತಿರುಪು ತಿರುಗಿಸಿ ಸೋತ ಮೇಲೂ ಅವರಿಗೆ ಸ್ಟಾಕ್‌ನ, ಅಂದರೆ ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಹಿಡಿಯ, ಮರದ ಮೇಲೆ ಅನುಮಾನ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದ ಮರವು ಉಬ್ಬಿ, ಬಾಗಿ, ನಳಿಗೆಯ ಒಂದು ಬದಿಯನ್ನು ಒತ್ತತೊಡಗುತ್ತದೆ. ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ; ಆ ಕಂಪನ ಪ್ರತಿ ಸಲವೂ ಒಂದೇ ಬಗೆಯಲ್ಲಿದ್ದರೆ ಗುಂಡುಗಳೂ ಒಂದೇ ಕಡೆ ಬೀಳುತ್ತವೆ, ನಡುವೆ ಮರ ತಾಗಿದರೆ ಆ ಲೆಕ್ಕ ಕೆಡುತ್ತದೆ. ಹೊಸ ಸ್ಟಾಕ್ ಹಾಕಿಸುವುದಕ್ಕೆ ಇದೇ ಮೊದಲ ಕಾರಣವಾಗಬೇಕು. ಭಾರ ಇಳಿಯುವುದು ಅದರ ನಂತರದ ಲಾಭ.

ಕೆಲಸಕ್ಕೆ ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬಂದೂಕಿನ ದುರಸ್ತಿಗೂ ಪರವಾನಗಿ ಬೇಕು. ಆದ್ದರಿಂದ ಮನೆಗೆ ಬಾಗಿಲು, ಕಿಟಕಿ ಮಾಡಿಕೊಟ್ಟ ಬಡಗಿ ಎಷ್ಟೇ ಚತುರನಿದ್ದರೂ ಅವನ ಅಂಗಡಿಯಲ್ಲಿ ರೈಫಲ್ ಬಿಟ್ಟು ಬರುವಂತಿಲ್ಲ. ಕೂಡಿಸುವ ಕೆಲಸ ಪರವಾನಗಿ ಪಡೆದ ರಿಪೇರಿದಾರರ ಬಳಿಯೇ ಆಗಬೇಕು. ಭಾರ ಇಳಿಸಲು ನಳಿಗೆಯನ್ನೇ ಮೊಟಕು ಮಾಡಿಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ಪರವಾನಗಿಯಿಲ್ಲದೆ ಅದು 6ನೇ ಕಲಮಿಗೆ ವಿರುದ್ಧ, ಕಿವಿಗೊಡಬೇಡಿ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ‘ಬೇಟೆ ರೈಫಲ್’ ಎನ್ನುವುದು ನಮ್ಮಲ್ಲಿ ಆ ಬಗೆಯ ಕೋವಿಯ ಹೆಸರಾಗಿ ಮಾತ್ರ ಉಳಿದಿದೆ. ಅದರ ಗುರಿ ಪರೀಕ್ಷೆಗೆ ತಕ್ಕ ಜಾಗ ಶೂಟಿಂಗ್ ರೇಂಜ್.

ನನ್ನದು ಅಜ್ಜನ ಕಾಲದಿಂದ ಮನೆಯಲ್ಲಿರುವ, ಮೌಸರ್ ಮಾದರಿಯ .30-06 ಅಳತೆಯ ತೋಟಾದ ಬೋಲ್ಟ್ ರೈಫಲ್, ಅಂದರೆ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ತೋಟಾ ತುಂಬುವಂಥದು. ಇಲ್ಲಿ ಬರೆಯುತ್ತಿರುವುದು ಹೀಗೆ ಒಂದೇ ತುಂಡಿನ ಸ್ಟಾಕ್ ಇರುವ ರೈಫಲ್‌ಗಳಿಗೆ ಹೊಂದುತ್ತದೆ. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ವಂಶದ್ದಾದ್ದರಿಂದ ಅದರ ಹಿಂಬದಿಯ ಮರವೂ ನಳಿಗೆಯ ಕೆಳಗಿನ ಮುಂಗೈ ಮರವೂ ಬೇರೆ ಬೇರೆಯಾಗಿವೆ, ಅದರ ಲೆಕ್ಕಾಚಾರವೇ ಬೇರೆ.

ಹಳೆಯ ಸ್ಟಾಕ್ ನಿಜವಾಗಿಯೂ ಕೆಟ್ಟಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬೋಲ್ಟ್ ಹೊರತೆಗೆದು, ಮ್ಯಾಗಜೀನ್ ಬರಿದು ಮಾಡಿ, ತೋಟಾ ಕೂರುವ ಚೇಂಬರಿಗೆ ಬೆರಳು ಹಾಕಿ ಖಾಲಿಯಿದೆ ಎಂದು ಖಚಿತಪಡಿಸಿಕೊಂಡ ಮೇಲೆ, ನಳಿಗೆಗೂ ಮುಂಗೈ ಮರಕ್ಕೂ ನಡುವೆ ಒಂದು ಹತ್ತು ರೂಪಾಯಿ ನೋಟನ್ನು ತೂರಿಸಿ ಹಿಂದಕ್ಕೆ ಎಳೆದುಕೊಂಡು ಬನ್ನಿ. ನೋಟು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗುತ್ತಿದೆ. ಎರಡನೆಯ ಪರೀಕ್ಷೆ ಇನ್ನೂ ಸೂಕ್ಷ್ಮ. ಮುಂಗೈ ಮರದ ತುದಿಯನ್ನೂ ನಳಿಗೆಯನ್ನೂ ಒಟ್ಟಿಗೆ ಹಿಡಿದು, ಸಂದಿನ ಮೇಲೆ ಬೆರಳಿಟ್ಟು, ಆ್ಯಕ್ಷನ್‌ನ, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಆಡುವ ಲೋಹದ ಭಾಗದ, ಮುಂದಿನ ಸ್ಕ್ರೂವನ್ನು ಇನ್ನೊಬ್ಬರಿಂದ ಸಡಿಲ ಮಾಡಿಸಿ. ನಳಿಗೆ ಮೇಲಕ್ಕೆ ಚಿಮ್ಮಿದ ಅನುಭವವಾದರೆ ಆ್ಯಕ್ಷನ್ ತನ್ನ ಗೂಡಿನಲ್ಲಿ ಸರಿಯಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಹಿಡಿದಿದೆ ಎಂದರ್ಥ. ಎರಡರಲ್ಲಿಯೂ ದೋಷ ಕಾಣದಿದ್ದರೆ ಹೊಸ ಸ್ಟಾಕ್‌ನಿಂದ ಗುರಿ ಸುಧಾರಿಸೀತೆಂದು ನಂಬಬೇಡಿ.

ಯಾವುದರ ಸ್ಟಾಕ್ ಎನ್ನುವ ಪ್ರಶ್ನೆ ಬಂದಾಗ ನಮ್ಮ ಕಡೆಯವರ ಮನಸ್ಸು ಬೀಟೆಗೆ ಹೋಗುತ್ತದೆ. ಬೀಟೆಯ ಹೊಳಪಿಗೆ ಸಾಟಿಯಿಲ್ಲ, ಆದರೆ ಭಾರ ಇಳಿಸಬೇಕೆಂದವರು ಅದನ್ನು ಮುಟ್ಟಬಾರದು. ಅಕ್ರೋಟ್ ಮರಕ್ಕಿಂತ ಅದು ಸಾಕಷ್ಟು ಭಾರ. ಸಾಗವಾನಿ ಹಗುರ, ತೇವಕ್ಕೂ ಜಗ್ಗುವುದಿಲ್ಲ, ಆದರೆ ಅದರೊಳಗಿನ ಎಣ್ಣೆಯ ಅಂಶದಿಂದ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯದು. ಅಂಟು ಹಾಕುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರೆಸಲೇಬೇಕು. ಅಕ್ರೋಟ್ ಮರದ ಸ್ಟಾಕ್ ಒಂದು ಕಿಲೋ, ಇಲ್ಲವೇ ತುಸು ಹೆಚ್ಚು ತೂಗುತ್ತದೆ. ತೆಳು ಪದರಗಳನ್ನು ಅಂಟಿಸಿದ ಲ್ಯಾಮಿನೇಟ್ ಬಾಗುವುದಿಲ್ಲ, ಆದರೆ ಅದಕ್ಕಿಂತಲೂ ಭಾರ. ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರಿನದು 600ರಿಂದ 900 ಗ್ರಾಂ ಒಳಗೆ ಬರುತ್ತದೆ, ಮಳೆಗಾಲಕ್ಕೆ ಉಬ್ಬುವುದೂ ಇಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ ಸ್ಟಾಕ್ ಮಾತ್ರ ನನಗೆ ಒಗ್ಗದು. ಮುಂಗೈ ಹಿಂಡಿದರೆ ನಳಿಗೆಗೆ ತಾಗುವಷ್ಟು ಬಳುಕುವ ವಸ್ತುವಿಗೆ ದುಡ್ಡು ಕೊಡುವುದಕ್ಕಿಂತ ಅಜ್ಜನ ಮರವನ್ನೇ ಸರಿಪಡಿಸಿಕೊಳ್ಳುವುದು ಲೇಸು.

ಹಗುರವಾದಷ್ಟೂ ಕೋವಿ ಹೆಚ್ಚು ಒದೆಯುತ್ತದೆ ಎಂಬುದನ್ನೂ ಮರೆಯಬಾರದು. ಗುಂಡು ಅದೇ ಆಗಿದ್ದು 3.6 ಕಿಲೋ ರೈಫಲ್ 3 ಕಿಲೋಗೆ ಇಳಿದರೆ ಒದೆತದ ಶಕ್ತಿ 20 ಶೇಕಡ ಏರುತ್ತದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವನಿಗೆ ಹಗುರವಾದ ರೈಫಲ್‌ನಿಂದ ಗುರಿ ಸುಧಾರಿಸುವುದಿಲ್ಲ. ಹಿಂಬದಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ, ಉದ್ದವನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಸಿದ್ಧ ಸ್ಟಾಕ್‌ಗಳಲ್ಲಿ ಟ್ರಿಗರಿನಿಂದ ಹಿಂಬದಿಯವರೆಗೆ ಸುಮಾರು 34 ಸೆಂಟಿಮೀಟರ್ ಇರುತ್ತದೆ, ತೋಳು ಗಿಡ್ಡವಾದವರಿಗೆ ಅದು ಹೆಚ್ಚಾಗುವುದುಂಟು. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆದಾಗ ಸ್ಕೋಪಿನ ನಡುವೆಯೇ ದೃಷ್ಟಿ ನಿಂತರೆ ಅಳತೆ ಸರಿ.

ಈಗ ಕೂಡಿಸುವ ಕೆಲಸ. ಮರದ ಸ್ಟಾಕ್ ಆದರೆ ಆ್ಯಕ್ಷನ್‌ನ ತಳ ಗೂಡಿನಲ್ಲಿ ಎಲ್ಲಿ ತಾಗುತ್ತಿದೆ ಎಂದು ನೋಡಲು ಹಳೆಯ ಕಾಲದ ಉಪಾಯವೇ ಇಂದಿಗೂ ಮೇಲು: ದೀಪದ ಮಸಿ. ಎಣ್ಣೆಯ ದೀಪಕ್ಕೆ ಹಿಡಿದ ತಟ್ಟೆಯಲ್ಲಿ ಕೂಡಿದ ಕಾಡಿಗೆಯನ್ನು ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿ ಲೋಹಕ್ಕೆ ತೆಳ್ಳಗೆ ಸವರಿ, ಗೂಡಿನಲ್ಲಿಟ್ಟು ಒತ್ತಿ ತೆಗೆಯಬೇಕು. ಮರದಲ್ಲಿ ಕಪ್ಪು ಚುಕ್ಕೆ ಮೂಡಿದ ಕಡೆಯಷ್ಟೇ ಉಳಿಯ ಮೊನೆಯಿಂದ ಕೆರೆದು, ಮತ್ತೆ ಸವರಿ, ಮತ್ತೆ ಒತ್ತಬೇಕು. ನಾನು ರಿಪೇರಿದಾರರ ಎದುರು ಒಂದಿಡೀ ಮಧ್ಯಾಹ್ನ ಕೂತು ಇದನ್ನು ನೋಡಿದೆ. ಮೊದಲು ಎರಡೇ ಚುಕ್ಕೆಯಿದ್ದದ್ದು ಸಂಜೆಯ ಹೊತ್ತಿಗೆ ತಳದ ತುಂಬ ಹರಡಿತ್ತು; ಅವರ ಕೈಯಿಂದ ಹೊರಬಿದ್ದ ಮರದ ಪುಡಿ ಒಂದು ಹಿಡಿಯೂ ಇರಲಿಲ್ಲ. ನಳಿಗೆಯ ಕಾಲುವೆಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ಎಲ್ಲಿಯೂ ಕಪ್ಪು ತಾಗಬಾರದು, ಸುತ್ತ ಒಂದೂವರೆ ಮಿಲಿಮೀಟರ್ ಸಂದು ಉಳಿಯಬೇಕು. ನಮ್ಮ ಹವೆಗೆ ಎರಡು ಇದ್ದರೂ ಅಡ್ಡಿಯಿಲ್ಲ.

ಇಷ್ಟಾದ ಮೇಲೆ ಬೆಡ್ಡಿಂಗ್, ಅಂದರೆ ಲೋಹದ ಪುಡಿ ಬೆರೆಸಿದ ಎಪಾಕ್ಸಿಯಲ್ಲಿ ಆ್ಯಕ್ಷನ್‌ಗೆ ಅದರದೇ ಅಚ್ಚಿನ ಹಾಸು ಮಾಡುವುದು. ಮೊದಲು ಎರಡು ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಸ್ಕ್ರೂ ಬಿಗಿದಾಗ ಮರ ಹಿಸುಕುವುದಿಲ್ಲ. ಲೋಹದ ಪ್ರತಿ ಭಾಗಕ್ಕೂ ಮೇಣ ಅಥವಾ ಬಣ್ಣವಿಲ್ಲದ ಬೂಟ್ ಪಾಲಿಶ್ ಹಚ್ಚಿ, ಸಣ್ಣಪುಟ್ಟ ತೂತುಗಳನ್ನೆಲ್ಲ ಮಕ್ಕಳು ಆಡುವ ಮೇಣದ ಮಣ್ಣಿನಿಂದ ಮುಚ್ಚಬೇಕು. ಆ್ಯಕ್ಷನ್‌ನ ತಳದಲ್ಲಿ ಚಾಚಿಕೊಂಡು ಒದೆತವನ್ನು ತಡೆಯುವ ಉಕ್ಕಿನ ಲಗ್‌ನ ಮುಂಭಾಗ, ಎರಡು ಪಕ್ಕ ಮತ್ತು ತಳಕ್ಕೆ ಒಂದು ಸುತ್ತು ಟೇಪ್ ಅಂಟಿಸಿ, ಹಿಂಭಾಗ ಬರಿದಾಗಿರಲಿ. ಎಪಾಕ್ಸಿಗೆ ಅದು ಹಿಂಬದಿಯಿಂದ ಮಾತ್ರ ಒರಗಬೇಕು. ಮೊದಲ ಸಲ ಒಂದು ತೂತನ್ನು ಮುಚ್ಚಲು ಮರೆತದ್ದರಿಂದ ನಮ್ಮ ಆ್ಯಕ್ಷನ್ ಸ್ಟಾಕ್‌ಗೆ ಕಚ್ಚಿಕೊಂಡು ಕೂತಿತು. ಅದನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಲೋಹ ಕುಗ್ಗಿದ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕಾಯಿತು. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕಟ್ಟುವುದರಿಂದ ಈ ಕೆಲಸವನ್ನು ದೀಪಾವಳಿ ಕಳೆದು ಶಿವರಾತ್ರಿಯ ಒಳಗೆ ಇಟ್ಟುಕೊಳ್ಳಿ, 24 ಗಂಟೆ ಮುಟ್ಟಬೇಡಿ.

ಸ್ಕ್ರೂ ಬಿಗಿಯುವಾಗ ತೋಳಿನ ಬಲ ತೋರಿಸಬಾರದು, ಟಾರ್ಕ್ ರೆಂಚ್ ಬಳಸಬೇಕು. ಬರಿಯ ಮರಕ್ಕೆ 4ರಿಂದ 5 ನ್ಯೂಟನ್ ಮೀಟರ್, ಕೊಳವೆ ಹಾಕಿದ್ದರೆ 6ರಿಂದ 7 ಸಾಕು. ಮೊದಲು ಮುಂದಿನದು, ಆಮೇಲೆ ಹಿಂದಿನದು. ಬಿಗಿದ ಕೂಡಲೇ ಬೋಲ್ಟ್ ಆಡಿಸಿ ನೋಡಿ. ಮುಂದಿನ ಸ್ಕ್ರೂ ಒಂದು ಎಳೆ ಉದ್ದವಾದರೂ ಬೋಲ್ಟ್ ಕಚ್ಚುತ್ತದೆ. ಸೇಫ್ಟಿ, ಟ್ರಿಗರ್, ಮ್ಯಾಗಜೀನ್ ಸಲೀಸಾಗಿ ಆಡುತ್ತವೆಯೇ ಎಂದೂ, ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿದರೆ ಟ್ರಿಗರ್ ತಾನಾಗಿ ಬಿಡುವುದೇ ಎಂದೂ ಖಾಲಿ ರೈಫಲ್‌ನಲ್ಲಿ ಪರೀಕ್ಷಿಸಿಯೇ ರೇಂಜಿಗೆ ಒಯ್ಯಬೇಕು.

ಮರಕ್ಕೆ ಕುದಿಸಿದ ಅಗಸೆ ಎಣ್ಣೆ ಹಚ್ಚುವವರು ಹೊರಮೈಗೆ ಹತ್ತು ಸಲ ತಿಕ್ಕಿ ಒಳಮೈ ಮರೆಯುತ್ತಾರೆ. ತೇವ ನುಗ್ಗುವುದು ನಳಿಗೆಯ ಕಾಲುವೆಯಿಂದ, ಹಿಂಬದಿಯ ಪ್ಯಾಡಿನ ಕೆಳಗಿನ ಅಡ್ಡ ಕೊಯ್ದ ಮೈಯಿಂದ. ಆ ಎರಡು ಕಡೆಗೆ ಎಣ್ಣೆ ಸಾಲದು, ಪಾಲಿಯುರೆಥೇನ್ ವಾರ್ನಿಶ್ ಎರಡು ಮೂರು ಕೋಟು ಬೇಕು.

ರೇಂಜಿನಲ್ಲಿ ಮರಳು ಚೀಲದ ಮೇಲಿಟ್ಟು, ಹಳೆಯ ಸ್ಟಾಕ್‌ನಲ್ಲಿ ಹೊಡೆದ ಅದೇ ಬಗೆಯ ತೋಟಾದಿಂದ, ನಳಿಗೆ ಆರಲು ಬಿಡುತ್ತ, 100 ಮೀಟರಿಗೆ ಐದೈದು ಗುಂಡಿನ ಮೂರು ಗುಂಪು ಹೊಡೆಯಿರಿ. ಒಂದೇ ಗುಂಪನ್ನು ನಂಬಬಾರದು, ಐದು ಗುಂಡು ಅದೃಷ್ಟದಿಂದಲೂ ಒಟ್ಟಿಗೆ ಬೀಳುತ್ತವೆ. ನನ್ನ ಹಳೆಯ ನಳಿಗೆ ಹಿಂದೆ ಅಂಗೈಯಷ್ಟು ಅಗಲಕ್ಕೆ ಚದುರಿಸುತ್ತಿತ್ತು, ಈಗ ಐದನ್ನೂ ಒಂದು ಚಾಲಿ ಅಡಿಕೆಯ ಎರಡರಷ್ಟು ಜಾಗದಲ್ಲಿ ಇಡುತ್ತದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸುವುದು ನಮಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿ ಚೀಟಿ ಕಟ್ಟಿಸಿಕೊಂಡು ವಾರಗಟ್ಟಲೆ ಗೋಡೆಗೊರಗಿ ನಿಂತು ಬಂದ ರೈಫಲ್‌ನ ಚೇಂಬರ್ ನೋಡಿಕೊಂಡ ಮೇಲೆ, ಸ್ಕ್ರೂಗಳ ಬಿಗಿ ಅಳೆದು, ಆ ಹತ್ತು ರೂಪಾಯಿ ನೋಟನ್ನು ಇನ್ನೊಮ್ಮೆ ನಳಿಗೆಯ ಕೆಳಗೆ ಎಳೆದು ನೋಡಿ.