ಒಂದೇ ಪಾತ್ರೆಯಲ್ಲಿ ಸಾರೂ ಪಲ್ಯವೂ: ಬಸ್ಸಾರು ಮಾಡುವ ಕ್ರಮ

ಸಾರಿಗೆ ಒಂದು, ಪಲ್ಯಕ್ಕೆ ಇನ್ನೊಂದು ಎಂದು ದಿನವೂ ಎರಡೆರಡು ಪಾತ್ರೆ ಇಟ್ಟು ಅಡುಗೆ ಮಾಡಲು ಬಿಡುವಿಲ್ಲದ ಮನೆಗಳಿಗೆ ಬಸ್ಸಾರಿನಷ್ಟು ಒದಗಿಬರುವ ಅಡುಗೆ ಮತ್ತೊಂದಿಲ್ಲ. ಮಂಡ್ಯ, ಮೈಸೂರು, ಹಾಸನ, ತುಮಕೂರು, ರಾಮನಗರದ ಕಡೆಯ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಮಾಡುವ ಇದರಲ್ಲಿ, ಬೇಳೆ ಅಥವಾ ಕಾಳನ್ನು ಸೊಪ್ಪಿನೊಂದಿಗೆ ಬೇಯಿಸಿ, ನೀರನ್ನು ಬಸಿದು, ಆ ನೀರಿಗೆ ಹುರಿದು ರುಬ್ಬಿದ ಖಾರ ಹಾಕಿ ಸಾರು ಮಾಡುತ್ತಾರೆ. ಪಾತ್ರೆಯಲ್ಲಿ ಉಳಿದ ಬೇಳೆ ಮತ್ತು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರೆ. ಬಸಿದ ನೀರಿಗೆ ಖಾರ ಸೇರಿಸದೆ, ರುಬ್ಬಿದ ಖಾರವನ್ನು ತಟ್ಟೆಯ ಪಕ್ಕಕ್ಕೆ ಬಡಿಸಿದರೆ ಅದು ಉಪ್ಪುಸಾರು. ಬಸಿಯದೆ ಎಲ್ಲವನ್ನೂ ಮಸೆದುಬಿಟ್ಟರೆ ಮಸ್ಸೊಪ್ಪು. ಮೂರಕ್ಕೂ ಬೇಕಾಗುವ ಸಾಮಾನು ಹೆಚ್ಚುಕಡಿಮೆ ಒಂದೇ. ಆದರೆ ಬೇಳೆ ಎಷ್ಟು ಬೆಂದಿರಬೇಕು ಎಂಬ ಲೆಕ್ಕ ಬಸ್ಸಾರಿಗೆ ಬೇರೆ, ಮತ್ತು ಸಾರು ಚೆನ್ನಾಗಿ ಬರುವುದೂ ಕೆಡುವುದೂ ಬಹುಮಟ್ಟಿಗೆ ಆ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲ ಸಲ ಮಾಡುವವರು ತೊಗರಿಬೇಳೆ ಮತ್ತು ಸಬ್ಬಸಿಗೆ ಸೊಪ್ಪನ್ನು ಆರಿಸಿಕೊಳ್ಳುವುದು ಒಳ್ಳೆಯದು. ನಾಲ್ಕು ಜನರ ಊಟಕ್ಕೆ 150 ಗ್ರಾಂ ತೊಗರಿಬೇಳೆ ಮತ್ತು ಎರಡು ದೊಡ್ಡ ಕಟ್ಟು ಸೊಪ್ಪು ಸಾಕಾಗುತ್ತದೆ. ಸಬ್ಬಸಿಗೆ ಸಿಗದಿದ್ದರೆ ದಂಟಿನ ಸೊಪ್ಪು, ಹರಿವೆ ಅಥವಾ ನಾಲ್ಕೈದು ಬಗೆ ಸೇರಿದ ಬೆರಕೆ ಸೊಪ್ಪು ಆಗುತ್ತದೆ. ಪಾಲಕ್ ಬೇಗ ಕರಗಿ ನೀರಿನಲ್ಲಿ ಬೆರೆತುಹೋಗುವುದರಿಂದ ಪಲ್ಯಕ್ಕೆ ಹಿಡಿತ ಸಿಗುವುದಿಲ್ಲ. ಬಸಳೆಯ ಲೋಳೆ ಸಾರಿಗೆ ಇಳಿಯುತ್ತದೆ. ಮೆಂತ್ಯ ಸೊಪ್ಪೊಂದನ್ನೇ ಹಾಕಿದರೆ ಕಹಿ ಪೂರ್ತಿಯಾಗಿ ಬಸಿದ ನೀರಿಗೆ ಬರುತ್ತದೆ, ಆದ್ದರಿಂದ ಅದನ್ನು ಬೇರೆ ಸೊಪ್ಪಿನ ಜತೆ ಒಂದು ಹಿಡಿಯಷ್ಟು ಮಾತ್ರ ಸೇರಿಸಬಹುದು. ಸೊಪ್ಪನ್ನು ಹೆಚ್ಚುವ ಮೊದಲೇ ಮೂರು ನಾಲ್ಕು ನೀರಿನಲ್ಲಿ ಮುಳುಗಿಸಿ ತೊಳೆಯಬೇಕು. ಪ್ರತಿ ಸಲವೂ ಸೊಪ್ಪನ್ನು ಮೇಲಕ್ಕೆ ಎತ್ತಿಕೊಂಡು ನಂತರ ನೀರು ಚೆಲ್ಲಬೇಕೇ ಹೊರತು, ಪಾತ್ರೆಯನ್ನು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ.

ಬೇಯಿಸುವುದು ಮತ್ತು ಬಸಿಯುವುದು

ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿಡಿ. ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಯಲು ಇಟ್ಟು, ಕುದಿ ಬಂದ ಮೇಲೆ ಬೇಳೆ, ಚಿಟಿಕೆ ಅರಿಸಿನ ಮತ್ತು ಅರ್ಧ ಚಮಚ ಎಣ್ಣೆ ಹಾಕಿ. ಇಲ್ಲಿ ಕುಕ್ಕರನ್ನು ಬಳಸದಿರುವುದೇ ಲೇಸು. ಒಂದು ಕೂಗು ಹೆಚ್ಚಾದರೂ ಬೇಳೆ ಹಿಟ್ಟಾಗುತ್ತದೆ, ಆಗ ಬಸಿದದ್ದು ತಿಳಿಯಾಗಿರದೆ ಗಂಜಿಯಂತಾಗಿ, ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಮೊದಲ ಕುದಿಯಲ್ಲಿ ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆದು, ಉರಿಯನ್ನು ಮಧ್ಯಮಕ್ಕೆ ಇಳಿಸಿ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಬೇಳೆ ಹದಕ್ಕೆ ಬರುತ್ತದೆಯಾದರೂ ಗಡಿಯಾರವನ್ನು ನಂಬಿ ಕೂರುವಂತಿಲ್ಲ. ಹಳೆಯ ಬೇಳೆ ನಿಧಾನವಾಗಿ ಬೇಯುತ್ತದೆ, ಮತ್ತು ಸುಣ್ಣದ ಅಂಶ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಯಾವ ಬೇಳೆಯೂ ಬೇಗ ಮೆತ್ತಗಾಗುವುದಿಲ್ಲ.

ಆದ್ದರಿಂದ ಹದಿನೈದು ನಿಮಿಷ ಕಳೆದ ಮೇಲೆ ಆಗಾಗ ಒಂದು ಬೇಳೆಯನ್ನು ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡಬೇಕು. ಒತ್ತಿದಾಗ ನಡುವೆ ಬಿಳಿ ಚುಕ್ಕೆ ಕಂಡು ಎರಡಾಗಿ ಸಿಡಿದರೆ ಇನ್ನೂ ಬೇಯಬೇಕು. ಬೇಳೆ ತನ್ನ ಆಕಾರದಲ್ಲಿಯೇ ಇದ್ದು, ಮೆಲ್ಲನೆ ಒತ್ತಿದೊಡನೆ ಚುಕ್ಕೆಯಿಲ್ಲದೆ ಮೆತ್ತಗೆ ಹರಡಿಕೊಂಡರೆ ಅದೇ ಸೊಪ್ಪು ಹಾಕುವ ಸಮಯ. ಹೆಚ್ಚಿದ ಸೊಪ್ಪನ್ನೂ ಒಂದು ಚಮಚ ಉಪ್ಪನ್ನೂ ಈಗ ಸೇರಿಸಿ. ಉಪ್ಪು ಇಲ್ಲಿಯೇ ಬಿದ್ದರೆ ಪಲ್ಯದ ಬೇಳೆಯ ಒಳಕ್ಕೂ ರುಚಿ ಇಳಿಯುತ್ತದೆ. ದಂಟಿನ ಸೊಪ್ಪಾದರೆ ನಾರು ತೆಗೆದ ದಂಟನ್ನು ಎಲೆಗಿಂತ ಐದು ನಿಮಿಷ ಮೊದಲೇ ಹಾಕಬೇಕು. ಪಾತ್ರೆಗೆ ಮುಚ್ಚಳ ಹಾಕದೆ ಐದಾರು ನಿಮಿಷ ಕುದಿಸಿದರೆ ಸೊಪ್ಪು ಬೆಂದೂ ಹಸಿರಾಗಿ ಉಳಿಯುತ್ತದೆ.

ಒಲೆ ಆರಿಸಿದ ತಕ್ಷಣ ತೂತಿನ ಪಾತ್ರೆಗೆ ಸುರಿದು, ಕೆಳಗೆ ಇನ್ನೊಂದು ಪಾತ್ರೆ ಇಟ್ಟು ನೀರನ್ನು ಬಸಿದುಕೊಳ್ಳಿ. ಸೌಟಿನಿಂದ ಒತ್ತಿ ಹಿಂಡುವ ಅಗತ್ಯವಿಲ್ಲ, ಹತ್ತು ನಿಮಿಷ ಹಾಗೆಯೇ ಬಿಟ್ಟರೆ ತಾನಾಗಿ ಸೋರಿ ಪಲ್ಯ ಉದುರುದುರಾಗುತ್ತದೆ. ಬಸಿದ ನೀರು ಮುಕ್ಕಾಲು ಲೀಟರಿಗಿಂತ ಕಡಿಮೆಯಿದ್ದರೆ ಅಷ್ಟಾಗುವಂತೆ ಬಿಸಿನೀರು ಬೆರೆಸಿಕೊಳ್ಳಬಹುದು.

ಖಾರ ರುಬ್ಬುವುದು

ಬೇಳೆ ಬೇಯುವ ಹೊತ್ತಿನಲ್ಲೇ ಹುರಿಯುವ ಕೆಲಸ ಮುಗಿಸಿಕೊಂಡು, ಬಸಿದ ಮೇಲೆ ರುಬ್ಬಿಕೊಳ್ಳಬಹುದು. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಮತ್ತು ಎರಡು ಗುಂಟೂರು ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ತೆಗೆದಿಡಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ; ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಟೂರನ್ನು ಬಿಟ್ಟುಬಿಡಬಹುದು. ಅದೇ ಬಾಣಲೆಯಲ್ಲಿ ದಪ್ಪಗೆ ಹೆಚ್ಚಿದ ಒಂದು ಈರುಳ್ಳಿ ಮತ್ತು ಎಂಟು ಎಸಳು ಬೆಳ್ಳುಳ್ಳಿಯನ್ನು ಅಂಚು ಕಂದುವವರೆಗೆ ಹುರಿಯಬೇಕು. ಸೌದೆ ಒಲೆಯಿರುವ ಮನೆಗಳಲ್ಲಿ ಈರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ಇಡಿಯಾಗಿ ಕೆಂಡದಲ್ಲಿ ಸುಟ್ಟು ಹಾಕುತ್ತಾರೆ. ಆ ಸುಟ್ಟ ವಾಸನೆಯ ರುಚಿ ಬಾಣಲೆಯಲ್ಲಿ ಹುರಿದದ್ದಕ್ಕೆ ಬರುವುದಿಲ್ಲ ಎಂಬುದನ್ನು ಒಪ್ಪಲೇಬೇಕು.

ಹುರಿದದ್ದು ಆರಿದ ಮೇಲೆ ಕಾಲು ಲೋಟ ತೆಂಗಿನ ತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದಿಷ್ಟು ಕೊತ್ತಂಬರಿ ಸೊಪ್ಪು ಸೇರಿಸಿ ಮಿಕ್ಸಿಯಲ್ಲಿ ರುಬ್ಬಬೇಕು. ರುಬ್ಬುವಾಗ ಬಸಿದ ಬೇಳೆ ಮತ್ತು ಸೊಪ್ಪಿನಿಂದ ಒಂದು ದೊಡ್ಡ ಸೌಟಿನಷ್ಟನ್ನು ಇದಕ್ಕೆ ಹಾಕುವುದನ್ನು ಮರೆಯಬಾರದು. ಹಲವರು ಕೈಬಿಡುವ ಹಂತ ಇದೇ. ಬಸಿದ ನೀರಿಗೆ ತನ್ನದೇ ಆದ ಮಂದ ಇಲ್ಲದಿರುವುದರಿಂದ, ಬರೀ ಮಸಾಲೆ ಹಾಕಿದ ಸಾರು ಬಡಿಸಿದ ಎರಡೇ ನಿಮಿಷಕ್ಕೆ ಮೇಲೆ ನೀರು, ಕೆಳಗೆ ಗಸಿ ಎಂದು ಬೇರೆಯಾಗುತ್ತದೆ. ರುಬ್ಬಿದ ಬೇಳೆ ಎರಡನ್ನೂ ಹಿಡಿದಿಡುತ್ತದೆ. ಮನೆಯಲ್ಲಿ ಸಾರಿನ ಪುಡಿ ಸಿದ್ಧವಿದ್ದರೆ ಕೊತ್ತಂಬರಿ ಬೀಜ ಮತ್ತು ಮೆಣಸಿನಕಾಯಿಯ ಬದಲು ಅದನ್ನೇ ಎರಡು ಚಮಚ ಹಾಕಿ ರುಬ್ಬಬಹುದು, ಆದರೆ ಈರುಳ್ಳಿ, ಬೆಳ್ಳುಳ್ಳಿ ಹುರಿಯುವುದನ್ನು ತಪ್ಪಿಸುವಂತಿಲ್ಲ.

ಸಾರಿಗೆ ಒಗ್ಗರಣೆ, ಪಲ್ಯಕ್ಕೆ ಒಗ್ಗರಣೆ

ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಮತ್ತು ಕರಿಬೇವು ಹಾಕಿ, ರುಬ್ಬಿದ ಖಾರವನ್ನು ಸೇರಿಸಿ ಹಸಿವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣಿಸುವವರೆಗೆ ಬಾಡಿಸಿ. ನಂತರ ಬಸಿದ ನೀರನ್ನು ಹೊಯ್ದು, ರುಚಿ ನೋಡಿ ಬೇಕಾದಷ್ಟೇ ಉಪ್ಪು ಹಾಕಿ, ಏಳೆಂಟು ನಿಮಿಷ ಕುದಿಸಿದರೆ ಸಾರು ಸಿದ್ಧ. ಬಸ್ಸಾರು ಹುಳಿಯಷ್ಟು ಗಟ್ಟಿಯಾಗಿಯೂ ಇರಬಾರದು, ತಿಳಿಸಾರಿನಷ್ಟು ನೀರಾಗಿಯೂ ಇರಬಾರದು. ಮುದ್ದೆಯ ತುತ್ತನ್ನು ಅದ್ದಿ ತೆಗೆದಾಗ ಸಾರು ತೆಳುವಾಗಿ ಅಂಟಿಕೊಂಡು ಬರಬೇಕು.

ಪಲ್ಯದ ಕೆಲಸ ಐದು ನಿಮಿಷದ್ದು. ಸಾಸಿವೆ, ಮುರಿದ ಎರಡು ಒಣಮೆಣಸಿನಕಾಯಿ, ಕರಿಬೇವು ಮತ್ತು ಸಣ್ಣಗೆ ಹೆಚ್ಚಿದ ಈರುಳ್ಳಿಯ ಒಗ್ಗರಣೆಗೆ ಬಸಿದ ಬೇಳೆ, ಸೊಪ್ಪನ್ನು ಹಾಕಿ, ನೀರಿನ ಪಸೆ ಆರುವವರೆಗೆ ಮೆಲ್ಲಗೆ ತಿರುವಿ, ಮೇಲೆ ತೆಂಗಿನ ತುರಿ ಉದುರಿಸಿ ಇಳಿಸಿ. ಸೌಟಿನಿಂದ ಜೋರಾಗಿ ಕಲಸಿದರೆ ಅಷ್ಟು ಜಾಗ್ರತೆಯಿಂದ ಬೇಯಿಸಿದ ಬೇಳೆ ಇಲ್ಲಿ ಮುದ್ದೆಯಾಗುತ್ತದೆ.

ಕೈ ಕುದುರಿದ ಮೇಲೆ ಇದೇ ಕ್ರಮದಲ್ಲಿ ಬೇರೆ ಜೋಡಿಗಳನ್ನೂ ಮಾಡಬಹುದು. ರಾತ್ರಿ ನೆನೆಸಿದ ಅಲಸಂದೆ ಕಾಳಿಗೆ ಹುರುಳಿಕಾಯಿ, ಹೆಸರುಕಾಳಿಗೆ ಎಲೆಕೋಸು ಹೊಂದುತ್ತವೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಹಸಿ ಅವರೆಕಾಳು ಬಂದಾಗ ಅದರ ಬಸ್ಸಾರಿಗೆ ಮನೆಮಂದಿ ಕಾಯುವುದುಂಟು. ಮೊಳಕೆ ಕಟ್ಟಿದ ಹುರುಳಿಕಾಳಿನ ಬಸ್ಸಾರು ಎಲ್ಲಕ್ಕಿಂತ ಗಾಢವಾಗಿರುತ್ತದೆ, ಆದರೆ ಹುರುಳಿ ಬೇಯಲು ಬಹಳ ಹೊತ್ತು ಹಿಡಿಯುವುದರಿಂದ ಅದಕ್ಕೆ ಮಾತ್ರ ಕುಕ್ಕರ್ ಬಳಸಬಹುದು. ಬಿಸಿ ರಾಗಿಮುದ್ದೆ ಇದರ ನಿಜವಾದ ಜೊತೆ. ಅನ್ನಕ್ಕಾದರೆ ಒಂದು ಚಮಚ ತುಪ್ಪ ಇರಲಿ. ಮಿಕ್ಕ ಸಾರು ಮಾರನೆಯ ದಿನ ಇನ್ನಷ್ಟು ರುಚಿಯಾಗುತ್ತದೆಯಾದ್ದರಿಂದ ಆರಿಸಿ ಫ್ರಿಜ್‌ನಲ್ಲಿಟ್ಟು, ಬಡಿಸುವ ಮೊದಲು ಸ್ವಲ್ಪ ನೀರು ಬೆರೆಸಿ ಚೆನ್ನಾಗಿ ಕುದಿಸಿ. ತೆಂಗಿನ ತುರಿ ಬಿದ್ದ ಪಲ್ಯವನ್ನು ಮಾತ್ರ ಅದೇ ದಿನ ಮುಗಿಸಿಬಿಡಿ.