ಎಸ್‌ಎಪಿಯಲ್ಲಿ ಮೊದಲ ಬಗ್: ತಿದ್ದುವುದು ಹೇಗೆ, ಗ್ರಾಹಕರಿಗೆ ತಲುಪಿಸುವುದು ಹೇಗೆ

ವ್ಯಾಪಾರ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡುವ ಜರ್ಮನಿಯ ಎಸ್‌ಎಪಿಯಂಥ ಕಂಪನಿಯ ಪ್ರಾಡಕ್ಟ್ ಟೀಮಿಗೆ ಸೇರಿದವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಹೊಸ ಫೀಚರ್ ಅಲ್ಲ, ಹಳೇ ಕೋಡಿನ ಯಾವುದೋ ಬಗ್. ತಿದ್ದಬೇಕಾದ್ದು ಮೂರೇ ಸಾಲು ಇರಬಹುದು, ಗ್ರಾಹಕರ ಸಿಸ್ಟಮ್ ಮುಟ್ಟುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ಇದು ಸೋಮಾರಿತನ ಅಂದುಕೊಳ್ಳಬೇಡಿ. ಕಂಪನಿ ಹುಟ್ಟಿದ್ದು 1972ರಲ್ಲಿ, ಅದರ ಡೆವಲಪ್‌ಮೆಂಟ್ ಕೇಂದ್ರವಾದ ಬೆಂಗಳೂರಿನ ಲ್ಯಾಬ್ಸ್ ಶುರುವಾದದ್ದು 1998ರಲ್ಲಿ. ಹೊಸ ತಲೆಮಾರಿನ ಎಸ್/4ಹಾನಾ 2015ರಲ್ಲೇ ಬಂದರೂ ಅದಕ್ಕಿಂತ ಹಳೆಯ ಇಸಿಸಿ 6.0ರ ಈಚಿನ ಎನ್‌ಹ್ಯಾನ್ಸ್‌ಮೆಂಟ್ ಪ್ಯಾಕೇಜ್‌ಗಳಿಗೆ 2027ರ ಕೊನೆಯವರೆಗೆ ಸಪೋರ್ಟ್ ಇದೆ. ಅಂದರೆ ನೀವು ಮುಟ್ಟುವ ಪ್ರೋಗ್ರಾಮನ್ನು ಯಾವುದೋ ಕಾರ್ಖಾನೆ ವರ್ಷಗಳಿಂದ ದಿನವೂ ಓಡಿಸುತ್ತಿದೆ, ಅದರ ಮೇಲೆ ತನ್ನದೇ ಕೋಡನ್ನೂ ಕಟ್ಟಿಕೊಂಡಿದೆ. ಇಲ್ಲಿನ ಅರ್ಧ ಕೆಲಸ ಅದನ್ನು ಕೆಡಿಸದೆ ಇರುವುದು. (ಕ್ಲೌಡ್ ಟೀಮ್‌ಗಳ ದಾರಿ ಬೇರೆ. ಇಲ್ಲಿ ಹೇಳುವುದು ಎಸ್‌ಎಪಿಯ ಸ್ವಂತ ಪ್ರೋಗ್ರಾಮಿಂಗ್ ಭಾಷೆ ಅಬಾಪ್ ಕಡೆಯ ಮಾತು.)

ಮೊದಲು ಬಗ್ ಕಣ್ಣಿಗೆ ಬೀಳಲಿ

ಟಿಕೆಟ್ ಓದಿದ ತಕ್ಷಣ ಕೋಡ್ ತೆರೆಯಬೇಡಿ. ರಿಲೀಸ್ ಯಾವುದು, ಸಪೋರ್ಟ್ ಪ್ಯಾಕೇಜ್ ಯಾವುದು, ಯಾವ ಕ್ಲೈಂಟ್ (ಒಂದೇ ಸಿಸ್ಟಮ್‌ನೊಳಗಿನ ಪ್ರತ್ಯೇಕ ವಿಭಾಗ), ಯಾವ ಯೂಸರ್, ಏನೇನು ಒತ್ತಿದರೆ ತಪ್ಪು ಬರುತ್ತದೆ ಎಂಬುದೆಲ್ಲ ಟಿಕೆಟ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಒಂದೇ ಸಲಕ್ಕೆ ಕೇಳಿಬಿಡಿ. ದಿನಕ್ಕೊಂದು ಪ್ರಶ್ನೆ ಕಳಿಸಿದರೆ ಆಚೆ ಕಡೆಯವರ ತಾಳ್ಮೆ ಮುಗಿಯುತ್ತದೆ. ಕ್ಲೈಂಟ್ ಕೇಳುವುದಕ್ಕೆ ಕಾರಣ ಇದೆ: ಪ್ರೋಗ್ರಾಮ್ ಇಡೀ ಸಿಸ್ಟಮ್‌ಗೆ ಒಂದೇ ಆದರೂ ಬಹುಪಾಲು ಕಸ್ಟಮೈಸಿಂಗ್ ಮೂರಂಕಿಯ ಆ ಕ್ಲೈಂಟ್‌ಗೆ ಸೀಮಿತ. 100ರಲ್ಲಿ ಬರುವ ತಪ್ಪು 200ರಲ್ಲಿ ಬರದೇ ಇರಬಹುದು. ‘ನನ್ನಲ್ಲಿ ಸರಿಯಾಗೇ ಇದೆ’ ಎಂದು ಟಿಕೆಟ್ ವಾಪಸ್ ಕಳಿಸುವವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲೇ.

ಪ್ರೋಗ್ರಾಮ್ ಡಂಪ್ ಆಗಿದ್ದರೆ, ಅಂದರೆ ತಪ್ಪಿನಿಂದ ನಡುವೆಯೇ ನಿಂತುಹೋಗಿದ್ದರೆ, ಎಸ್‌ಟಿ22ಕ್ಕೆ ಹೋಗಿ (ಇಂಥ ಕೋಡನ್ನು ಕಮಾಂಡ್ ಫೀಲ್ಡ್‌ನಲ್ಲಿ ಬರೆದರೆ ಅದರ ಸ್ಕ್ರೀನ್ ತೆರೆಯುತ್ತದೆ). ಯಾವ ಸಾಲಿನಲ್ಲಿ ನಿಂತಿತು, ಆ ಹೊತ್ತಿಗೆ ವೇರಿಯಬಲ್‌ಗಳಲ್ಲಿ ಏನಿತ್ತು, ಯಾರು ಯಾರನ್ನು ಕರೆದರು, ಎಲ್ಲ ಅಲ್ಲಿರುತ್ತದೆ. ಹಳೇ ಡಂಪ್‌ಗಳು ತಾವಾಗಿ ಅಳಿದುಹೋಗುತ್ತವೆ, ಆದ್ದರಿಂದ ಬೇಕಾದ್ದನ್ನು ಮೊದಲೇ ಟಿಕೆಟ್‌ಗೆ ಅಂಟಿಸಿಡಿ. ‘ಅನುಮತಿ ಇಲ್ಲ’ ಎಂಬ ದೂರಾದರೆ ಸಿಗದೇ ಹೋದ ಅನುಮತಿಯನ್ನು ತೋರಿಸುವ ಎಸ್‌ಯು53ಯನ್ನು ಅದೇ ಯೂಸರ್‌ಗೆ ನೋಡಿ. ಡೀಬಗ್ಗರ್ ತೆರೆಯಲು ಕಮಾಂಡ್ ಫೀಲ್ಡ್‌ನಲ್ಲಿ ‘/ಎಚ್’ ಹಾಕಿದರೆ ಸಾಕು. ಬ್ರೌಸರಿನ ಫಿಯೋರಿ ಸ್ಕ್ರೀನ್‌ನಿಂದಲೋ ಬೇರೆ ಸಿಸ್ಟಮ್‌ನ ಆರ್‌ಎಫ್‌ಸಿಯಿಂದಲೋ ಬರುವ ಕರೆಗೆ ಮಾತ್ರ ಸೆಷನ್ ಬ್ರೇಕ್‌ಪಾಯಿಂಟ್ ನಿಲ್ಲದು, ಎಕ್ಸ್‌ಟರ್ನಲ್ ಬ್ರೇಕ್‌ಪಾಯಿಂಟ್ ಬೇಕು. ಮುಗಿದ ಬ್ಯಾಕ್‌ಗ್ರೌಂಡ್ ಜಾಬ್ ಆದರೆ ಎಸ್‌ಎಂ37ರಲ್ಲಿ ಅದನ್ನು ಆರಿಸಿ ‘ಜೆಡಿಬಿಜಿ’ ಎಂದು ಬರೆಯಿರಿ.

ಗ್ರಾಹಕರು ತಮ್ಮ ಸಿಸ್ಟಮ್‌ಗೆ ದಾರಿ ಬಿಟ್ಟುಕೊಟ್ಟಾಗ ಅವರ ಪ್ರೊಡಕ್ಷನ್‌ನಲ್ಲಿ ಡೀಬಗ್ಗರ್‌ನಿಂದ ವೇರಿಯಬಲ್‌ನ ಬೆಲೆ ಬದಲಿಸಬೇಡಿ. ಬದಲಿಸಿದ್ದು ಎಸ್‌ಎಂ21ರ ಸಿಸ್ಟಮ್ ಲಾಗ್‌ನಲ್ಲಿ ನಿಮ್ಮ ಯೂಸರ್ ಹೆಸರಿನಲ್ಲೇ ದಾಖಲಾಗುತ್ತದೆ.

ಹಳೇ ಕೋಡ್ ಓದುವಾಗ ಹೆಸರುಗಳು ಜರ್ಮನ್ ಪದಗಳ ಚುಟುಕು ರೂಪ ಇರಬಹುದು ಎಂಬ ಗುಮಾನಿ ಇರಲಿ. ಬುಕ್ರ್ಸ್ ಎಂದರೆ ಕಂಪನಿ ಕೋಡ್, ಕುನ್ನರ್ ಗ್ರಾಹಕರ ಸಂಖ್ಯೆ, ಲಿಫ್ನರ್ ಸರಬರಾಜುದಾರರದ್ದು, ಮಟ್ನರ್ ಸಾಮಗ್ರಿಯದ್ದು. ಇಂಥ ಇಪ್ಪತ್ತು ಹೆಸರು ಬಾಯಿಗೆ ಬಂದರೆ ಟೇಬಲ್‌ಗಳು ತಾವಾಗಿ ಪರಿಚಯವಾಗುತ್ತವೆ.

ತಿದ್ದುವಾಗ

ಬದಲಿಸುವ ಮುನ್ನ ಅದನ್ನು ಬೇರೆ ಯಾರು ಬಳಸುತ್ತಾರೆ ಎಂದು ವೇರ್-ಯೂಸ್ಡ್ ಲಿಸ್ಟ್ ತೆಗೆಯಿರಿ. ಆದರೆ ಅದರಲ್ಲಿ ಗ್ರಾಹಕರ ಕೋಡ್ ಕಾಣುವುದಿಲ್ಲ. ಝಡ್, ವೈ ಅಕ್ಷರದಿಂದ ಶುರುವಾಗುವ ಅವರ ಸ್ವಂತ ಪ್ರೋಗ್ರಾಮ್‌ಗಳು ಅವರ ಸಿಸ್ಟಮ್‌ನಲ್ಲೇ ಕೂತಿವೆ. ಉದಾಹರಣೆಗೆ ಒಂದು ಫಂಕ್ಷನ್ ಮಾಡ್ಯೂಲ್‌ಗೆ ಹೊಸ ಪ್ಯಾರಾಮೀಟರ್ ಸೇರಿಸಿದಿರಿ ಎನ್ನಿ. ಅದನ್ನು ಆಪ್ಷನಲ್ ಎಂದು ಗುರುತು ಮಾಡದಿದ್ದರೆ ನಿಮ್ಮಲ್ಲಿ ಎಲ್ಲ ಟೆಸ್ಟೂ ಪಾಸಾಗುತ್ತದೆ, ಅದನ್ನು ಕರೆಯುವ ಗ್ರಾಹಕರ ಪ್ರೋಗ್ರಾಮ್ ಮಾತ್ರ ಪ್ಯಾಚ್ ಹಾಕಿದ ಮರುದಿನ ಡಂಪ್ ಆಗುತ್ತದೆ. ಇದ್ದ ಪ್ಯಾರಾಮೀಟರ್ ತೆಗೆದರೂ ಅದೇ ಪಾಡು. ಆದ್ದರಿಂದ ಸೇರಿಸುವುದಾದರೆ ಆಪ್ಷನಲ್ ಆಗಿ ಸೇರಿಸಿ, ತೆಗೆಯುವುದನ್ನು ಆರ್ಕಿಟೆಕ್ಟ್‌ಗೆ ಬಿಡಿ.

ಅನುಮತಿ ಪರೀಕ್ಷೆ ಬರೆದ ಮೇಲೆ ಮುಂದಿನ ಸಾಲಿನಲ್ಲೇ ಎಸ್‌ವೈ-ಸಬ್‌ಆರ್‌ಸಿ (ಹಿಂದಿನ ಆಜ್ಞೆಯ ಫಲಿತಾಂಶ ಹೇಳುವ ವೇರಿಯಬಲ್) ನೋಡಿ. ನೋಡದಿದ್ದರೆ ಪರೀಕ್ಷೆ ಬರೆದೂ ಬರೆಯದ ಹಾಗೆ. ಮೆಸೇಜ್‌ಗಳನ್ನು ಕೋಡಿನಲ್ಲೇ ಕೂರಿಸದೆ ಎಸ್‌ಇ91ರಲ್ಲಿಡಿ, ಇಲ್ಲವಾದರೆ ಅನುವಾದದವರಿಗೆ ಅವು ಸಿಗುವುದೇ ಇಲ್ಲ.

ಡೌನ್‌ಪೋರ್ಟ್ (ತಿದ್ದುಪಡಿಯನ್ನು ಹಳೇ ರಿಲೀಸ್‌ಗಳಿಗೂ ಒಯ್ಯುವುದು) ಇರುವುದು ಖಚಿತವಾದರೆ ಸಿಂಟ್ಯಾಕ್ಸ್ ಬಗ್ಗೆ ಎಚ್ಚರ. ಸಾಲಿನ ನಡುವೆಯೇ ‘ಡೇಟಾ(...)’ ಎಂದು ವೇರಿಯಬಲ್ ಘೋಷಿಸುವುದು ಅಬಾಪ್ 7.40ರಿಂದ ಈಚಿನ ಸೌಲಭ್ಯ. ಅದೇ ತಿದ್ದುಪಡಿ 7.31ಕ್ಕೂ ಹೋಗಬೇಕಿದ್ದರೆ ಅಲ್ಲಿ ಕಂಪೈಲ್ ಆಗುವುದಿಲ್ಲ. ಹಳೇ ಶೈಲಿಯಲ್ಲೇ ಬರೆದರೆ ಎರಡೂ ಕಡೆ ಒಂದೇ ಕೋಡ್ ನಡೆಯುತ್ತದೆ, ಅಷ್ಟೇನೂ ಚೆಂದ ಕಾಣದಿದ್ದರೂ.

ಟ್ರಾನ್ಸ್‌ಪೋರ್ಟ್: ಹೊಸಬರು ಮುಗ್ಗರಿಸುವ ಜಾಗ

ತಿದ್ದಿದ್ದೆಲ್ಲ, ಬದಲಾವಣೆಗಳನ್ನು ಮುಂದಿನ ಸಿಸ್ಟಮ್‌ಗೆ ಒಯ್ಯುವ ಒಂದು ಟ್ರಾನ್ಸ್‌ಪೋರ್ಟ್ ರಿಕ್ವೆಸ್ಟ್‌ಗೆ ಸೇರುತ್ತದೆ. ಅದರೊಳಗೆ ನಿಮ್ಮ ಹೆಸರಿನ ಟಾಸ್ಕ್. ಎಟಿಸಿ (ಕೋಡ್ ತಪಾಸಣೆಯ ಸಾಧನ) ಓಡಿಸಿ, 1 ಮತ್ತು 2ನೇ ಪ್ರಯಾರಿಟಿಯ ದೂರುಗಳನ್ನು ಬಗೆಹರಿಸಿ, ರಿವ್ಯೂ ಮುಗಿಸಿ, ಎಸ್‌ಇ09ರಲ್ಲಿ ಮೊದಲು ಟಾಸ್ಕ್, ಆಮೇಲೆ ರಿಕ್ವೆಸ್ಟ್ ರಿಲೀಸ್ ಮಾಡಿ. ರಿಲೀಸ್ ಆದ ರಿಕ್ವೆಸ್ಟ್ ಮತ್ತೆ ತೆರೆಯುವುದಿಲ್ಲ. ಏನಾದರೂ ಮರೆತಿದ್ದರೆ ಹೊಸ ರಿಕ್ವೆಸ್ಟೇ ಗತಿ.

ಮುಂದಿನ ಸಿಸ್ಟಮ್‌ಗೆ ಇಂಪೋರ್ಟ್ ಆದ ಮೇಲೆ ರಿಟರ್ನ್ ಕೋಡ್ ನೋಡಿ. 0 ಬಂದರೆ ಸರಿ. 4 ಎಂದರೆ ಎಚ್ಚರಿಕೆ, ಲಾಗ್ ಒಮ್ಮೆ ಓದಿ. 8 ಬಂದರೆ ತಪ್ಪಾಗಿದೆ. 12 ಅಥವಾ ಹೆಚ್ಚು ಬಂದರೆ ಸಿಸ್ಟಮ್ ನೋಡಿಕೊಳ್ಳುವ ಬೇಸಿಸ್ ತಂಡವನ್ನು ಕರೆಯಿರಿ. ಹೊಸಬರಿಗೆ 8 ಬರುವ ಕಾರಣ ಹೆಚ್ಚಾಗಿ ಒಂದೇ: ಹೊಸ ಡೇಟಾ ಎಲಿಮೆಂಟನ್ನೋ ಕ್ಲಾಸನ್ನೋ ಪ್ರಯೋಗಕ್ಕೆಂದು $ಟಿಎಂಪಿ ಪ್ಯಾಕೇಜಿನಲ್ಲಿ ಮಾಡಿ, ಅಲ್ಲೇ ಬಿಟ್ಟಿರುತ್ತಾರೆ. ಆ ಪ್ಯಾಕೇಜ್ ಎಲ್ಲಿಗೂ ಸಾಗುವುದಿಲ್ಲ. ಅದನ್ನು ಬಳಸುವ ಪ್ರೋಗ್ರಾಮ್ ಮಾತ್ರ ಹೋಗಿ, ಆಚೆ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ವಸ್ತುವಿನ ಪ್ಯಾಕೇಜ್ ಬದಲಿಸಿ ಹೊಸ ರಿಕ್ವೆಸ್ಟ್‌ನಲ್ಲಿ ಕಳಿಸಿದರೆ ಸರಿಹೋಗುತ್ತದೆ. ಇನ್ನೊಂದು ಕಾಟ ಕ್ರಮದ್ದು. ಒಂದೇ ಪ್ರೋಗ್ರಾಮಿನ ಎರಡು ರಿಕ್ವೆಸ್ಟ್‌ಗಳಲ್ಲಿ ಹೊಸದು ಮೊದಲು, ಹಳೆಯದು ಆಮೇಲೆ ಇಂಪೋರ್ಟ್ ಆದರೆ ಹಳೇ ಆವೃತ್ತಿಯೇ ಮೇಲೆ ಕೂರುತ್ತದೆ, ರಿಟರ್ನ್ ಕೋಡ್ ಮಾತ್ರ 0. ಇದನ್ನು ಯಂತ್ರ ಹೇಳುವುದಿಲ್ಲ. ಎರಡೂ ಸಿಸ್ಟಮ್‌ಗಳ ಆವೃತ್ತಿ ಹೋಲಿಸಿಯೇ ಹಿಡಿಯಬೇಕು.

ಒಪ್ಪಿಗೆಗಾಗಿ ಕಾಯುವುದು

ಜವಾಬ್ದಾರಿ ಇರುವವರು ಜರ್ಮನಿಯ ಕೇಂದ್ರ ಕಚೇರಿ ಇರುವ ವಾಲ್‌ಡಾರ್ಫ್‌ನಲ್ಲಿದ್ದರೆ ಗಡಿಯಾರ ನೋಡಿ ಕೆಲಸ ಜೋಡಿಸಿಕೊಳ್ಳಿ. ಅಲ್ಲಿ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 12:30, ಅಕ್ಟೋಬರ್‌ನ ಕೊನೆಯ ಭಾನುವಾರದಿಂದ 1:30. ಪ್ರಶ್ನೆಯನ್ನು ನಮ್ಮ ಬೆಳಿಗ್ಗೆಯೇ ಟಿಕೆಟ್‌ನಲ್ಲಿ ಬರೆದಿಟ್ಟರೆ ಅವರು ಬಂದ ಕೂಡಲೇ ಉತ್ತರಿಸಬಹುದು. ಸಂಜೆ 6ಕ್ಕೆ ಕೇಳಿದರೆ ಒಂದು ದಿನ ಹೋಯಿತು ಎಂದೇ ಲೆಕ್ಕ. ಅಲ್ಲಿ ರಜೆಯ ಕಾಲವಾದ ಆಗಸ್ಟ್‌ನಲ್ಲಿ, ಕ್ರಿಸ್‌ಮಸ್ ವಾರದಲ್ಲಿ ಸಹಿ ಬೇಕಾದ ಕೆಲಸ ಇಟ್ಟುಕೊಳ್ಳಲೇಬೇಡಿ. ಕಾಲ್‌ನಲ್ಲಿ ಆದ ತೀರ್ಮಾನವನ್ನು ಅಂದೇ ಎರಡು ಸಾಲಿನಲ್ಲಿ ಟಿಕೆಟ್‌ಗೆ ಹಾಕಿ: ಏನು ನಿರ್ಧಾರವಾಯಿತು, ಯಾರು ಒಪ್ಪಿದರು.

ಕೊನೆಗೆ ನೋಟ್, ಅಂದರೆ ತಿದ್ದುಪಡಿಯನ್ನು ಗ್ರಾಹಕರಿಗೆ ತಲುಪಿಸುವ ದಾಖಲೆ, ಬರೆಯುವುದು ಉಳಿಯುತ್ತದೆ. ತಪ್ಪಿನ ಲಕ್ಷಣವನ್ನು ಗ್ರಾಹಕರು ಹುಡುಕುವ ಪದಗಳಲ್ಲೇ ಬರೆಯಿರಿ, ಡಂಪ್‌ನ ಹೆಸರು ಹಾಕಿ. ಯಾವ ರಿಲೀಸ್‌ನಿಂದ ಯಾವುದರವರೆಗೆ ಅನ್ವಯ ಎಂಬ ಶ್ರೇಣಿಯನ್ನು ಎರಡು ಸಲ ನೋಡಿ. ಅದು ತಪ್ಪಿದರೆ ಗ್ರಾಹಕರು ನೋಟ್ ಅಳವಡಿಸುವ ಎಸ್‌ನೋಟ್‌ನಲ್ಲಿ ‘ಅಳವಡಿಸಲಾಗದು’ ಎಂದು ಬಂದು, ಅದೇ ಗ್ರಾಹಕರ ಹೊಸ ಟಿಕೆಟ್ ನಿಮ್ಮ ಸಾಲಿಗೇ ಬಂದು ಬೀಳುತ್ತದೆ.