ಕಲಬುರಗಿಯ ಬಿಸಿಲು, ನನ್ನ ಹರಳು

ಸಂಶೋಧನಾ ಪೇಪರ್‌ಗಳಲ್ಲಿ 'ರೂಮ್ ಟೆಂಪರೇಚರ್' ಅಂದರೆ 25 ಡಿಗ್ರಿ ಆಸುಪಾಸು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೆ ನಮ್ಮ ಲ್ಯಾಬ್ 40 ಮುಟ್ಟುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ನಾನು ಒಂದು ಬೇಸಿಗೆ ಪೂರ್ತಿ ಕಳೆದುಕೊಂಡೆ.

ನಾನು ಬೆಳೆಸುತ್ತಿದ್ದದ್ದು ಬ್ಲಾಕ್ ಕೋಪಾಲಿಮರ್ ಹರಳು. ಪಾಲಿಮರ್ ಅಂದರೆ ಉದ್ದ ಸರಪಳಿಯಂಥ ಅಣು. ಇದರಲ್ಲಿ ಒಂದೇ ಸರಪಳಿಯಲ್ಲಿ ಬೇರೆ ಬೇರೆ ಜಾತಿಯ ಎರಡು ತುಂಡು ಇರುತ್ತವೆ. ಪಾಲಿಎಥಿಲೀನ್ ಆಕ್ಸೈಡ್ ತುಂಡು ಮಡಚಿಕೊಂಡು ಹರಳಾಗುತ್ತದೆ. ಪಾಲಿಸ್ಟೈರೀನ್ ತುಂಡು ಹರಳಾಗುವುದಿಲ್ಲ, ಜೊತೆಯವನನ್ನು ಬಿಟ್ಟು ಹೋಗುವಂತೆಯೂ ಇಲ್ಲ. ಹಾಗಾಗಿ ಹರಳಿನ ಮೇಲೊಂದು ಪದರ, ಕೆಳಗೊಂದು ಪದರವಾಗಿ ಕೂರುತ್ತದೆ. ನಡುವಿನ ಹರಳಿನ ದಪ್ಪ ಸುಮಾರು 10 ನ್ಯಾನೋಮೀಟರ್, ಅಗಲ ಮಾತ್ರ ಮೈಕ್ರಾನ್‌ಗಟ್ಟಲೆ. ಲೋಟ್ಸ್ ಮತ್ತು ಕೋವಾಕ್ಸ್ ಎಂಬ ವಿಜ್ಞಾನಿಗಳು ಇಂಥ ಹರಳುಗಳ ಬಗ್ಗೆ 1966ರಲ್ಲೇ ಬರೆದಿದ್ದಾರೆ.

10 ಮಿಲಿಲೀಟರ್ ಅಮೈಲ್ ಅಸಿಟೇಟ್ ಎಂಬ ದ್ರಾವಕಕ್ಕೆ 1 ಮಿಲಿಗ್ರಾಂ ಪಾಲಿಮರ್ ಸಾಕು. "ಬಾಳೆಹಣ್ಣಿನ ವಾಸನಿ ಬರ್ಲಿಕತ್ತದಲ್ರಿ ಮೇಡಂ" ಎಂದು ಅಟೆಂಡರ್ ಅಣ್ಣ ಬಾಗಿಲಲ್ಲೇ ಹೇಳುತ್ತಿದ್ದರು. ಆಗ ಮುಚ್ಚಳ ಇನ್ನೊಮ್ಮೆ ಬಿಗಿ ಮಾಡುತ್ತಿದ್ದೆ.

ಸುಮ್ನೆ ತಣಿಸಿದರೆ ಸಣ್ಣದು ದೊಡ್ಡದು ಎಲ್ಲ ಬೆರೆತ ಹರಳು ಸಿಗುತ್ತದೆ. ಒಂದೇ ಅಳತೆಯವು ಬೇಕಾದರೆ ಹೆಪ್ಪು ಬೇಕು, ಅಂದರೆ ಹರಳು ಬೆಳೆಯಲು ಶುರು ಮಾಡುವ ಬೀಜ. ಇಲ್ಲಿ ಹೆಪ್ಪು ಹೊರಗಿನಿಂದ ಬರುವುದಿಲ್ಲ. ಮೊದಲು 65 ಡಿಗ್ರಿಯಲ್ಲಿ ಪೂರ್ತಿ ಕರಗಿಸಿ, ತಣಿಸಿ, ಒಂದು ದಿನ ಬಿಡುತ್ತೇನೆ. ಮತ್ತೆ ನಿಧಾನಕ್ಕೆ ಬಿಸಿ ಮಾಡಿ, ಎಲ್ಲ ಕರಗುವ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ಕಣ್ಣಿಗೆ ಕಾಣದ ಚೂರುಗಳು ಉಳಿಯುತ್ತವೆ. ಅವೇ ಹೆಪ್ಪು. ನನ್ನ ಸ್ಯಾಂಪಲ್‌ಗೆ ಆ ಜಾಗ 41 ಡಿಗ್ರಿ. 40ರಲ್ಲಿ ಚೂರು ಜಾಸ್ತಿ ಉಳಿದು ಹರಳು ಚಿಕ್ಕದಾಗುತ್ತಿತ್ತು. 43ಕ್ಕೆ ಹೋದರೆ ಹೆಪ್ಪೇ ಇಲ್ಲ. ಅಲ್ಲಿಂದ ಬಾಟಲಿಯನ್ನು 30 ಡಿಗ್ರಿಯ ವಾಟರ್ ಬಾತ್‌ಗೆ ಹಾಕಿದರೆ, ಕರಗಿದ್ದ ಸರಪಳಿಗಳು ಚೂರುಗಳ ಅಂಚಿಗೆ ಬಂದು ಕೂರುತ್ತವೆ. ಎಲ್ಲವೂ ಒಟ್ಟಿಗೆ ಶುರುವಾದ್ದರಿಂದ ಅಳತೆಯೂ ಒಂದೇ.

ನಮ್ಮ ಬಾತ್‌ನಲ್ಲಿ ಹೀಟರ್ ಮಾತ್ರ ಇತ್ತು. ಅದು ಬಿಸಿ ಮಾಡಬಲ್ಲದು, ತಣಿಸಲು ಬರುವುದಿಲ್ಲ, ಅಲ್ವಾ? ಏಸಿ ನಿಂತ ಮಧ್ಯಾಹ್ನ ನೀರು ಲ್ಯಾಬ್‌ನ ಜೊತೆಗೇ ಏರಿತು. ಹರಳು ಅರ್ಧ ಕರಗಿತು, ರಾತ್ರಿ ಮತ್ತೆ ಬೆಳೆಯಿತು. ತಾಪಮಾನ ಬದಲಾದರೆ ಹರಳಿನ ದಪ್ಪವೂ ಬದಲಾಗುತ್ತದೆ. ಬೆಂಗಳೂರಿನಿಂದ ಬಂದ ಎಎಫ್‌ಎಂ (ಮೇಲ್ಮೈಯ ಏರುತಗ್ಗು ಅಳೆಯುವ ಮೈಕ್ರೋಸ್ಕೋಪ್) ಚಿತ್ರದಲ್ಲಿ ಪ್ರತಿ ಚೌಕ ಹರಳಿನ ಸುತ್ತ ಒಂದು ಮೆಟ್ಟಿಲು ಕಂಡಿತು. ಆ ಬಿಸಿಲಿನ ಗುರುತು ಹರಳಿನೊಳಗೇ ಕೂತಿತ್ತು. ಅತ್ತುಬಿಟ್ಟೆ.

ಬೆಳೆಸುವ ಕೆಲಸವನ್ನೆಲ್ಲ ಡಿಸೆಂಬರ್, ಜನವರಿಗೆ ಹಾಕಿಕೊಂಡೆ. ಚಳಿಗಾಲದಲ್ಲಿ 30 ಡಿಗ್ರಿ ಹಿಡಿಯಲು ಹೀಟರ್ ಒಂದೇ ಸಾಕು. ಇನ್ನೊಂದು ಎಚ್ಚರಿಕೆ ಸೋಸುವಾಗ. ಫನೆಲ್, ಫಿಲ್ಟರ್, ತೊಳೆಯುವ ಅಮೈಲ್ ಅಸಿಟೇಟ್ ಎಲ್ಲವೂ 30ರಲ್ಲೇ ಇರಬೇಕು. ತಣ್ಣಗಾದರೆ ಮಿಕ್ಕ ಸರಪಳಿಗಳು ಅಂಚಿಗೆ ಅಂಟಿ ಅದೇ ಮೆಟ್ಟಿಲು ಬರುತ್ತದೆ.

ಜನವರಿಯ ಒಂದು ಬೆಳಿಗ್ಗೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಚೂಪು ಮೂಲೆಯ ಚೌಕಗಳು, ಎಲ್ಲ ಒಂದೇ ಅಳತೆ. ಅಟೆಂಡರ್ ಅಣ್ಣನನ್ನು ಕರೆದು ಮೊದಲು ಅವರಿಗೇ ತೋರಿಸಿದೆ.